ಮಕ್ಕಳಿಗೆ ಗೇಮಿಂಗ್ ಕೀಬೋರ್ಡ್ ಕೊಡಿಸ್ತೀರಾ? ಅಂಗಡಿ ಲೆಕ್ಕವೂ ಅದರಲ್ಲೇ ಅಂದ್ರೆ ಮೊದಲು ಇದನ್ನು ಓದಿ

‘ಅಪ್ಪಾ, ಗೇಮ್ ಆಡೋಕೆ ಸಣ್ಣ ಮೆಕ್ಯಾನಿಕಲ್ ಕೀಬೋರ್ಡ್ ಬೇಕು’ ಅಂತ ಮಗ ಹಟ ಹಿಡಿದಿದ್ದಾನೆ. ಮೊಬೈಲ್‌ನಲ್ಲಿ ಫೋಟೊನೂ ತೋರಿಸಿದ್ದಾನೆ. ಪುಟ್ಟದು, ಬಣ್ಣಬಣ್ಣದ ಲೈಟು, ನೋಡೋಕೆ ಚೆಂದ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಇರೋದು ಒಂದೇ. ಹಗಲು ಅಂಗಡಿ ಬಿಲ್ಲು, ರಾತ್ರಿ ಮಕ್ಕಳ ಆಟ. ಸಾವಿರಾರು ರೂಪಾಯಿ ಕೊಟ್ಟು ತಂದಿದ್ದು ಮಾರನೇ ದಿನ ಲೆಕ್ಕ ಬರೆಯೋಕೆ ಒಗ್ಗದಿದ್ದರೆ? ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಮೆಕ್ಯಾನಿಕಲ್ ಅಂದ್ರೆ ಏನು?

ಮಾಮೂಲಿ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್. ಜರ್ಮನಿಯ ಚೆರ್ರಿ ಕಂಪನಿ ತನ್ನ ಸ್ವಿಚ್‌ಗಳಿಗೆ ಕೊಟ್ಟ ಬಣ್ಣಗಳನ್ನೇ ಬೇರೆ ಕಂಪನಿಗಳೂ ಹೆಚ್ಚಾಗಿ ಅನುಸರಿಸುತ್ತವೆ. ಕೆಂಪು ಸ್ವಿಚ್ ತಡೆಯಿಲ್ಲದೆ ಸಲೀಸಾಗಿ ಇಳಿಯುತ್ತದೆ. ಕಂದು ಬಣ್ಣದ್ದರಲ್ಲಿ ಮಧ್ಯೆ ಸಣ್ಣ ತಡೆ ಬೆರಳಿಗೆ ಗೊತ್ತಾಗುತ್ತದೆ. ನೀಲಿಯಲ್ಲಿ ಆ ತಡೆಯ ಜೊತೆ ‘ಟಿಕ್ ಟಿಕ್’ ಸದ್ದೂ ಇರುತ್ತದೆ.

ಚೆರ್ರಿಯ ಕೆಂಪು ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ. ಆದರೆ 2 ಮಿ.ಮೀ. ಇಳಿದಾಗಲೇ ಕಂಪ್ಯೂಟರ್‌ಗೆ ಸಂಕೇತ ಹೋಗುತ್ತದೆ, ತಳ ಮುಟ್ಟಿಸಬೇಕಿಲ್ಲ. ಪದೇ ಪದೇ ಕೀ ಒತ್ತುವ ಆಟಗಾರರು ಕೆಂಪನ್ನು ಇಷ್ಟಪಡೋದು ಅದಕ್ಕೇ. ಅದೇ ಕೋಣೆಯಲ್ಲಿ ಮಲಗುವವರಿದ್ದರೆ ನೀಲಿ ಮಾತ್ರ ಬೇಡ.

ಸಣ್ಣದಾದರೆ ಲಾಭವೇನು?

ಗುಂಡು ಹಾರಿಸುವ ಆಟಗಳಲ್ಲಿ ಎಡಗೈ ಡಬ್ಲ್ಯು, ಎ, ಎಸ್, ಡಿ ಕೀಗಳ ಮೇಲಿರುತ್ತದೆ, ಬಲಗೈ ಮೌಸ್ ಮೇಲೆ. ಬಲಬದಿಯ ನಂಬರ್ ಪ್ಯಾಡ್ ಇಲ್ಲದಿದ್ದರೆ ಮೌಸ್ ಆಡಿಸಲು ಜಾಗ ಸಿಗುತ್ತದೆ. ಸಣ್ಣ ಕೀಬೋರ್ಡ್‌ನ ನಿಜವಾದ ಲಾಭ ಇಷ್ಟೇ. ಲೈಟಿನಿಂದ ಆಟ ಸುಧಾರಿಸುವುದಿಲ್ಲ.

ಕಳೆದುಕೊಳ್ಳೋದೇನು?

ಪೂರ್ತಿ ಅಳತೆಯ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ 104 ಕೀ. ನಂಬರ್ ಪ್ಯಾಡ್ ಮಾತ್ರ ತೆಗೆದರೆ 87. ‘ಶೇ. 60’ ಎಂದು ಮಾರುವ ತೀರಾ ಸಣ್ಣದರಲ್ಲಿ 61. ಈ 61ರಲ್ಲಿ ಮೇಲಿನ ಎಫ್ ಸಾಲು ಇಲ್ಲ, ಬಾಣದ ಗುರುತಿನ ಪ್ರತ್ಯೇಕ ಕೀಗಳೂ ಇಲ್ಲ. ಇವೆಲ್ಲಕ್ಕೂ ಎಫ್‌ಎನ್ ಕೀ ಜೊತೆ ಇನ್ನೊಂದು ಕೀ ಒತ್ತಬೇಕು.

ಟ್ಯಾಲಿ ಬಳಸುವವರಿಗೆ ಇದು ದೊಡ್ಡ ತಲೆನೋವು. ಅಲ್ಲಿ ಪಾವತಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಈ ಕೀಗಳು ಬೇಕಾದಾಗಲೆಲ್ಲ ಎರಡೆರಡು ಕೀ ಒತ್ತಬೇಕು. ಅದರ ಮೇಲೆ, ನೋಡದೇ ಮೊತ್ತ ಹೊಡೆಯುತ್ತಿದ್ದ ಬಲಗೈಗೆ ನಂಬರ್ ಪ್ಯಾಡೇ ಇಲ್ಲ!

ಕನ್ನಡ ಟೈಪಿಂಗಿಗೂ ಒಂದು ತೊಡಕಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕೊಡು’, ‘ದೊಡ್ಡ’ ಪದಗಳಲ್ಲಿ ಬರುವ ‘ೊ’ ಚಿಹ್ನೆ ಇರೋದು 1ರ ಎಡಕ್ಕಿರುವ ಕೀಲಿ. ಸಣ್ಣ ಕೀಬೋರ್ಡ್‌ಗಳಲ್ಲಿ ಹೆಚ್ಚಾಗಿ ಆ ಜಾಗವನ್ನು ಎಸ್ಕೇಪ್ ಕೀ ಆಕ್ರಮಿಸಿರುತ್ತದೆ. ನುಡಿಯ ಕಗಪ ವಿನ್ಯಾಸ ಬಳಸುವವರಿಗೆ ಈ ತೊಂದರೆ ಇಲ್ಲ, ಅದರಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರದ ಕೀಗಳಲ್ಲೇ ಮೂಡುತ್ತವೆ.

ಕೊಳ್ಳುವಾಗ ಹೀಗೆ ನೋಡಿ

* ನೋಟ್‌ಪ್ಯಾಡ್ ತೆರೆದು ಎರಡೂ ಶಿಫ್ಟ್ ಕೀ ಒಟ್ಟಿಗೆ ಒತ್ತಿ ಹಿಡಿದು ಎ ಯಿಂದ ಝಡ್‌ವರೆಗೆ ಟೈಪ್ ಮಾಡಿ. ಅಕ್ಷರ ತಪ್ಪಿದರೆ ಅದು ಹಲವು ಕೀಗಳನ್ನು ಒಟ್ಟಿಗೆ ಗುರುತಿಸುತ್ತಿಲ್ಲ ಎಂದರ್ಥ. ಓಡುತ್ತಾ ಜಿಗಿಯುತ್ತಾ ಆಡುವ ಆಟಕ್ಕೆ ಅಂಥದ್ದು ಬೇಡ.
* ‘ಹಾಟ್ ಸ್ವಾಪ್’ ಇದೆಯೇ ಕೇಳಿ. ಇದ್ದರೆ ಕೆಟ್ಟ ಒಂದು ಸ್ವಿಚ್ಚನ್ನು ಬೆಸುಗೆ ಇಲ್ಲದೆ ಕಿತ್ತು ಬೇರೆ ಹಾಕಬಹುದು. ಸರ್ವಿಸ್ ಸೆಂಟರ್ ದೂರವಿರುವ ನಮ್ಮಂಥ ಊರುಗಳಿಗೆ ಇದು ಬಲು ಮುಖ್ಯ.
* ಕೇಬಲ್ ಬಿಚ್ಚಿ ಬದಲಿಸುವಂತಿರಲಿ. ವೈರ್‌ಲೆಸ್ಸೇ ಬೇಕೆಂದರೆ ಆಟಕ್ಕೆ ಬ್ಲೂಟೂತ್‌ಗಿಂತ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದು ಮೇಲು.
* ಹೆಸರು ಹಾಕಿಸಿ ಜಿಎಸ್‌ಟಿ ಬಿಲ್ ಪಡೆಯಿರಿ. ಆನ್‌ಲೈನ್ ಆದರೆ, ಬರೀ ‘ಇಷ್ಟವಾಗಲಿಲ್ಲ’ ಅಂದ್ರೆ ವಾಪಸ್ ತಗೋತಾರಾ ಅಂತ ಮೊದಲೇ ಓದಿಕೊಳ್ಳಿ.

ಹಾಗಾದ್ರೆ ಯಾವುದು?

ಕಂಪ್ಯೂಟರ್ ಆಟಕ್ಕೆ ಮಾತ್ರ ಇದ್ದರೆ 61 ಕೀಗಳದ್ದು ಸಾಕು. ಅಂಗಡಿ ಲೆಕ್ಕವೂ ಅದರಲ್ಲೇ ಅಂದ್ರೆ 87 ಕೀಗಳದ್ದು ತಗೊಳ್ಳಿ. ಎಫ್ ಸಾಲು, ಬಾಣದ ಕೀ ಎರಡೂ ಉಳಿಯುತ್ತವೆ, ಮೌಸ್‌ಗೂ ಜಾಗ ಸಿಗುತ್ತದೆ. ಮೊತ್ತ ಹೊಡೆಯಲು ಯುಎಸ್‌ಬಿಗೆ ಸಿಕ್ಕಿಸುವ ನಂಬರ್ ಪ್ಯಾಡ್ ಬೇರೆಯಾಗಿಯೇ ಸಿಗುತ್ತದೆ. ಹಗಲು ಜೋಡಿಸಿ, ರಾತ್ರಿ ಬಿಚ್ಚಿಡಿ. ಹಳೇ ಕೀಬೋರ್ಡನ್ನು ಮಾತ್ರ ಗುಜರಿಗೆ ಹಾಕಬೇಡಿ. ಹೊಸದು ಕೈಕೊಟ್ಟ ದಿನ ಗಿರಾಕಿ ಮುಂದೆ ಮಾನ ಉಳಿಸೋದು ಅದೇ.