ಓಲೆಗರಿಯ ಪಾಠವೂ ಕೃತಿಸ್ವಾಮ್ಯವೂ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿದ್ದ ಧವಳಾ, ಜಯಧವಳಾ ತಾಡಪತ್ರ ಗ್ರಂಥಗಳ ಪ್ರತಿಲಿಪಿ ಕಾರ್ಯವು 1896ರಲ್ಲಿ ಆರಂಭವಾಯಿತು. ಪ್ರತಿಗಳು ಹೊರಗೆ ಹೋಗಲಾಗದೆಂಬುದು ಅಲ್ಲಿಯವರ ನಿಲುವಾಗಿದ್ದಿತು. ಆದರೂ ಲಿಪಿಕಾರ ಗಜಪತಿ ಉಪಾಧ್ಯಾಯರು ಗುಪ್ತವಾಗಿ ಮಾಡಿಕೊಂಡ ಕನ್ನಡ ಪ್ರತಿಯು ಸಹಾರನ್‌ಪುರವನ್ನು ಸೇರಿತು. ಅದರಿಂದ ಹಬ್ಬಿದ ನಕಲುಗಳ ಆಧಾರದಿಂದ ಹೀರಾಲಾಲ ಜೈನರ ಸಂಪಾದನೆಯ ಪ್ರಥಮ ಸಂಪುಟವು 1939ರಲ್ಲಿ ಹೊರಬಂದಿತು. ಮುಂದೆ ಮೂಡುಬಿದಿರೆಯವರೂ ಮೂಲದೊಡನೆ ಪಾಠ ಹೋಲಿಸಲು ಸಮ್ಮತಿಸಿದರು. ನಕಲಿನ ನಕಲುಗಳಲ್ಲಿ ಸೇರಿದ್ದ ದೋಷಗಳು ಆ ಸಮ್ಮತಿಯಿಂದಲೇ ತಿದ್ದಲ್ಪಟ್ಟವು.

ಓಲೆಯ ಚಿತ್ರವು ಅಂತರ್ಜಾಲದಲ್ಲಿ ಕ್ಷಣಮಾತ್ರದಲ್ಲಿ ದೇಶಾಂತರವನ್ನು ಸೇರುವ ಇಂದು ಅದೇ ಪ್ರಶ್ನೆ ಮರಳಿ ಎದುರಾಗಿದೆ. ಇಲ್ಲಿ ಮೂರು ಹಕ್ಕುಗಳನ್ನು ವಿಂಗಡಿಸಿ ನೋಡಬೇಕು.

ಮೊದಲನೆಯದು ಪಾಠದ್ದು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ಪ್ರಕಟಿತ ಕೃತಿಯ ಹಕ್ಕು ಸಾಮಾನ್ಯವಾಗಿ ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ಮಾತ್ರ ಉಳಿಯುತ್ತದೆ. ವೀರಸೇನಾಚಾರ್ಯರ ಟೀಕೆ ಇಂದು ಯಾರೊಬ್ಬರ ಸ್ವತ್ತೂ ಅಲ್ಲ.

ಎರಡನೆಯದು ಸಂಪಾದಕನ ಪೀಠಿಕೆ, ಟಿಪ್ಪಣಿ, ಅನುವಾದಗಳದು. 1886ರ ಬರ್ನ್ ಒಡಂಬಡಿಕೆಯಿಂದಾಗಿ ಇವುಗಳಿಗೆ ಸದಸ್ಯರಾಷ್ಟ್ರಗಳಲ್ಲೆಲ್ಲ ರಕ್ಷಣೆಯುಂಟು. ಅನುಮತಿಯಿಲ್ಲದೆ ಇವನ್ನು ಇಡಿಯಾಗಿ ಹರಡುವುದು ಸಲ್ಲದು.

ಮೂರನೆಯದು ಓಲೆಕಟ್ಟಿನ ಒಡೆತನ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಯಾರದೋ ಮನೆಯ ಅಟ್ಟದಲ್ಲಿ ಪ್ರಾಚೀನ ಓಲೆಕಟ್ಟೊಂದು ದೊರೆತರೆ, ಕಟ್ಟು ಮನೆಯವರದು. ಚಿತ್ರ ತೆಗೆಯಲು ಅವರ ಒಪ್ಪಿಗೆ ಅವಶ್ಯ. ಆದರೆ ಅದರೊಳಗಿನ ಪ್ರಾಚೀನ ಪಾಠದ ಮೇಲೆ ಮನೆಯವರಿಗಾಗಲಿ, ಚಿತ್ರ ತೆಗೆದ ಸಂಸ್ಥೆಗಾಗಲಿ ಏಕಸ್ವಾಮ್ಯವಿಲ್ಲ.

ಒಪ್ಪಿಗೆಯನ್ನು ಪಡೆದು, ಸಂಪಾದಕನ ಶ್ರಮವನ್ನು ಮನ್ನಿಸಿ, ಪಾಠವನ್ನು ಎಲ್ಲರಿಗೂ ತೆರೆದಿಡುವುದೇ ಶಾಸ್ತ್ರದಾನದ ಪರಂಪರೆಗೆ ಅನುಗುಣವಾದ ಮಾರ್ಗ.