ಎಂಟನೇ ಬೀದಿಯ ವಕೀಲನ ಮನೆ

ಬಾಗಿಲ ಮೇಲಿನ ಫಲಕದಲ್ಲಿ ‘ಎ. ಲಿಂಕನ್’ ಎಂದಷ್ಟೇ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಎಂಟನೇ ಬೀದಿ ಮತ್ತು ಜಾಕ್ಸನ್ ಬೀದಿ ಕೂಡುವ ಮೂಲೆಯ ಈ ಮರದ ಮನೆಯಲ್ಲಿ ಅಬ್ರಹಾಂ ಲಿಂಕನ್ ಹದಿನೇಳು ವರ್ಷ ಸಂಸಾರ ಮಾಡಿದ. ಆತ ಕೊಂಡ ಸ್ವಂತ ಮನೆ ಇದೊಂದೇ.

1844ರಲ್ಲಿ ಇದನ್ನು ಮಾರಿದ್ದು ಪಾದ್ರಿ ಚಾರ್ಲ್ಸ್ ಡ್ರೆಸರ್. ಒಂದೂವರೆ ವರ್ಷದ ಹಿಂದೆ ಲಿಂಕನ್ ಮತ್ತು ಮೇರಿ ಟಾಡ್ ಮದುವೆ ಮಾಡಿಸಿದ್ದವರೂ ಅವರೇ. ಬೆಲೆ 1,200 ಡಾಲರ್ ನಗದು, ಜೊತೆಗೆ ಪೇಟೆಯಲ್ಲೊಂದು ನಿವೇಶನ. ಆಗ ಮನೆ ಇದ್ದದ್ದು ಒಂದೂವರೆ ಅಂತಸ್ತು. 1856ರಲ್ಲಿ ಅದು ಪೂರ್ತಿ ಎರಡಂತಸ್ತಾಯಿತು.

ಆದರೆ ಒಳಗೆ ಓಡಾಡಿದವರಿಗೆ ಇದು ಮೇರಿಯ ಮನೆ ಎನಿಸದೆ ಇರದು. ಯಜಮಾನ ಮನೆಯಲ್ಲಿ ಇದ್ದದ್ದಾದರೂ ಎಷ್ಟು ದಿನ? ವಸಂತದಲ್ಲೊಮ್ಮೆ, ಚಳಿಗಾಲಕ್ಕೆ ಮುನ್ನ ಮತ್ತೊಮ್ಮೆ, ಸಂಚಾರಿ ನ್ಯಾಯಾಲಯದ ನ್ಯಾಯಾಧೀಶ ಡೇವಿಡ್ ಡೇವಿಸ್ ಹಿಂದೆ ಲಿಂಕನ್‌ನಂಥ ವಕೀಲರ ದಂಡು ಕೆಸರು ದಾರಿಯಲ್ಲಿ ಊರೂರು ಸುತ್ತುತ್ತಿತ್ತು. ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಸಾಲದ ವ್ಯಾಜ್ಯ, ಜಮೀನಿನ ಜಗಳ, ಕೊಲೆ ಮೊಕದ್ದಮೆ ಯಾವುದಾದರೂ ಸರಿ. ಶುಲ್ಕ ಹೆಚ್ಚಾಗಿ ಐದೋ ಹತ್ತೋ ಡಾಲರ್. ಇಲಿನಾಯ್ ಸೆಂಟ್ರಲ್ ರೈಲ್ವೆಯಿಂದ ಬರಬೇಕಿದ್ದ 5,000 ಡಾಲರ್ ಶುಲ್ಕಕ್ಕಂತೂ ತನ್ನ ಕಕ್ಷಿದಾರನ ಮೇಲೆಯೇ ದಾವೆ ಹೂಡಿ ಗೆಲ್ಲಬೇಕಾಯಿತು! ಅಷ್ಟು ದಿನವೂ ಒಲೆ, ಮಕ್ಕಳು, ಲೆಕ್ಕಪತ್ರ ಎಲ್ಲ ಮೇರಿಯ ಪಾಲಿಗೆ. ಕೆಂಟಕಿಯ ಶ್ರೀಮಂತ ಮನೆತನದಲ್ಲಿ ಬೆಳೆದವಳಿಗೆ ಇದೇನೂ ಸಲೀಸಾಗಿರಲಿಲ್ಲ.

ನಾಲ್ವರು ಗಂಡುಮಕ್ಕಳಲ್ಲಿ ಹಿರಿಯ ರಾಬರ್ಟ್ ಇಲ್ಲಿಗೆ ಬರುವಾಗ ಕೈಕೂಸು. ಎಡ್ಡಿ, ವಿಲಿ, ಟ್ಯಾಡ್ ಹುಟ್ಟಿದ್ದು ಇಲ್ಲೇ. 1850ರ ಫೆಬ್ರುವರಿಯಲ್ಲಿ ಎಡ್ಡಿ ತೀರಿಕೊಂಡ, ನಾಲ್ಕು ತುಂಬಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ವಿಲಿ ಹುಟ್ಟಿದ. ಆಮೇಲೆ ಅಪ್ಪನ ಮುದ್ದಿಗೆ ಲಗಾಮೇ ಇರಲಿಲ್ಲ. ವಿಲಿ, ಟ್ಯಾಡ್ ಕಚೇರಿಗೆ ಬಂದು ಕಾಗದಪತ್ರ ಚೆಲ್ಲಾಪಿಲ್ಲಿ ಮಾಡಿದರೂ ಲಿಂಕನ್ ಗದರುತ್ತಿರಲಿಲ್ಲ ಎಂದು ವಕೀಲಿಕೆಯ ಪಾಲುದಾರ ವಿಲಿಯಂ ಹರ್ನ್‌ಡನ್ ಬಹಳ ವರ್ಷಗಳ ನಂತರವೂ ಗೊಣಗುತ್ತಿದ್ದ. ನನ್ನ ಸಹಾನುಭೂತಿ ಹರ್ನ್‌ಡನ್ ಕಡೆಗೇ.

ಮುಂಕೋಣೆ ಒಪ್ಪವಾಗಿದೆ. 1860ರ ಮೇ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದ ನಿಯೋಗ ಬಂದು, ಅಧ್ಯಕ್ಷ ಸ್ಥಾನದ ಅಭ್ಯರ್ಥಿ ನೀವೇ ಎಂದು ತಿಳಿಸಿದ್ದು ಇಲ್ಲೇ. ಬಂದವರಿಗೆ ಕುಡಿಯಲು ಕೊಟ್ಟದ್ದು ತಣ್ಣೀರು. ಅಡುಗೆಮನೆಯಲ್ಲಿ ಅದೇ ವರ್ಷ ಕೊಂಡ ‘ರಾಯಲ್ ಓಕ್’ ಕಬ್ಬಿಣದ ಒಲೆಯಿದೆ. ಮಹಡಿ ಮೆಟ್ಟಿಲಿನ ಮರದ ಕೈಪಿಡಿ ಲಿಂಕನ್ ಕಾಲದ್ದೇ, ಹಿಡಿದುಕೊಂಡು ಹತ್ತಬಹುದು.

1861ರ ಫೆಬ್ರುವರಿಯಲ್ಲಿ ಸಂಸಾರ ವಾಷಿಂಗ್ಟನ್‌ಗೆ ಹೊರಟಿತು, ಮನೆ ಬಾಡಿಗೆಗೆ ಹೋಯಿತು. ಲಿಂಕನ್ ಜೀವಂತ ಮರಳಲಿಲ್ಲ. ವಿಲಿ 1862ರಲ್ಲಿ ಶ್ವೇತಭವನದಲ್ಲೇ ತೀರಿಕೊಂಡ, ಟ್ಯಾಡ್ 1871ರಲ್ಲಿ. ಮೇರಿ 1882ರಲ್ಲಿ ಇದೇ ಊರಿನ ಅಕ್ಕನ ಮನೆಯಲ್ಲಿ ಕಣ್ಣುಮುಚ್ಚಿದಳು. ಅವಳ ಮದುವೆ ನಡೆದಿದ್ದೂ ಅಲ್ಲೇ.

ಉಳಿದ ರಾಬರ್ಟ್‌ಗೆ ಮನೆ ತಲೆನೋವಾಯಿತು. ಆಸ್ಬರ್ನ್ ಓಲ್ಡ್‌ರಾಯ್ಡ್ ಎಂಬ ಬಾಡಿಗೆದಾರ ಲಿಂಕನ್ ನೆನಪಿನ ವಸ್ತುಗಳನ್ನೆಲ್ಲ ಒಳಗೆ ಜೋಡಿಸಿಟ್ಟು ಜನರಿಗೆ ತೋರಿಸುತ್ತಿದ್ದ, ಬಾಡಿಗೆ ಮಾತ್ರ ಕೊಡುತ್ತಿರಲಿಲ್ಲ. ಕೊನೆಗೆ 1887ರಲ್ಲಿ ರಾಬರ್ಟ್ ಮನೆಯನ್ನು ಇಲಿನಾಯ್ ಸರ್ಕಾರಕ್ಕೆ ದಾನ ಕೊಟ್ಟ. ಚೆನ್ನಾಗಿ ನೋಡಿಕೊಳ್ಳಬೇಕು, ನೋಡಬಂದವರಿಂದ ಕಾಸು ಕೀಳಬಾರದು ಎಂಬುದು ಷರತ್ತು.

ಈಗ ನೋಡಿಕೊಳ್ಳುತ್ತಿರುವುದು ರಾಷ್ಟ್ರೀಯ ಉದ್ಯಾನ ಸೇವೆ. ಸುತ್ತಲಿನ ನಾಲ್ಕು ಬ್ಲಾಕ್‌ಗಳೂ ಅದರ ಸುಪರ್ದಿಯಲ್ಲಿವೆ. ಅದೇ ಬೀದಿಯಲ್ಲಿ ಜೇಮ್ಸನ್ ಜೆಂಕಿನ್ಸ್ ಮನೆಯಿದ್ದ ಖಾಲಿ ನಿವೇಶನವನ್ನೂ ತಪ್ಪದೆ ನೋಡಿ. ಗಾಡಿ ಹೊಡೆದು ಬದುಕುತ್ತಿದ್ದ ಈ ಕಪ್ಪು ಜನಾಂಗದ ನೆರೆಯವನು ದಾಸ್ಯದಿಂದ ಓಡಿಬಂದವರಿಗೆ ನೆರವಾದವನು. ಸ್ಪ್ರಿಂಗ್‌ಫೀಲ್ಡ್‌ಗೆ ಚಿಕಾಗೊದಿಂದ ರೈಲಿನಲ್ಲಿ ಮೂರೂವರೆ ತಾಸಿನ ಹಾದಿ. ಮನೆಯೊಳಗೆ ಹೋಗಲು ಸಂದರ್ಶಕರ ಕೇಂದ್ರದಲ್ಲಿ ಟಿಕೆಟ್ ಪಡೆಯಬೇಕು. ಅದಕ್ಕೆ ಇವತ್ತಿಗೂ ದುಡ್ಡಿಲ್ಲ.