ಒಂದೇ ಒತ್ತಕ್ಷರ, ಎರಡು ರೂಪ

ದೇವನಾಗರಿಯಲ್ಲಿ ‘ವಾಙ್ಮಯ’ ಎಂದು ಟೈಪ್ ಮಾಡಿದರೆ ಒಂದು ಫಾಂಟಿನಲ್ಲಿ ಅಕ್ಷರಗಳು ಕೂಡಿ ಬರುತ್ತವೆ. ಇನ್ನೊಂದರಲ್ಲಿ ಬಿಡಿಬಿಡಿಯಾಗಿ, ‘ಙ’ದ ಅಡಿಯಲ್ಲೊಂದು ಗೆರೆ ಕಾಣುತ್ತದೆ. ಏಕೆ? – ಓದುಗರು, ರೋಣ

ಯೂನಿಕೋಡ್‌ನಲ್ಲಿ ‘ಙ್ಮ’ ಇಡಿಯಾಗಿ ಇರುವುದಿಲ್ಲ. ಙ, ಹಲಂತ, ಮ ಎಂಬ ಮೂರು ಸಂಕೇತಗಳ ಸಾಲು ಅಷ್ಟೇ. ತೆರೆಗೆ ತರುವಾಗ ತಂತ್ರಾಂಶವು ಫಾಂಟಿನಲ್ಲಿ ಆ ಜೋಡಿಯ ಕೂಡಿದ ರೂಪವನ್ನು ಹುಡುಕುತ್ತದೆ. ಸಿಗದಿದ್ದರೆ ಅರ್ಧಾಕ್ಷರ, ಅದೂ ಇಲ್ಲದಿದ್ದರೆ ಹಲಂತದ ಗೆರೆ.

ಕಿರಾಣಿ ಅಂಗಡಿಯವನ ಗಲ್ಲಾದಲ್ಲಿ 50ರ ನೋಟು ಇಲ್ಲದಿದ್ದರೆ 10ರ ಐದು ನೋಟು ಕೊಡುತ್ತಾನಲ್ಲ, ಹಾಗೆ. ರೂಪ ಬೇರೆ, ಮೊತ್ತ ಅದೇ. ನಿಮ್ಮ ಪದವೂ ತಪ್ಪಾಗಿಲ್ಲ.

ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೆ ಒಂದು ಒತ್ತು ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ದೇವನಾಗರಿಯಲ್ಲಿ ಕ್ತ, ದ್ಧ, ಹ್ಮದಂಥ ಜೋಡಿಗಳಿಗೆ ಪ್ರತ್ಯೇಕ ಚಿತ್ರವನ್ನೇ ಬರೆಯಬೇಕು. ಹಿಂದಿಗೆಂದು ಮಾಡಿದ ಅನೇಕ ಫಾಂಟುಗಳಲ್ಲಿ ಸಂಸ್ಕೃತದ ಅಪರೂಪದ ಜೋಡಿಗಳು ಇರುವುದಿಲ್ಲ.

ಉಚಿತವಾಗಿ ಸಿಗುವ ‘ಸಂಸ್ಕೃತ 2003’, ‘ಸಿದ್ಧಾಂತ’, ‘ಛಂದಸ್’ ಫಾಂಟುಗಳು ಸಂಸ್ಕೃತಕ್ಕೆಂದೇ ರೂಪುಗೊಂಡವು. ಪರೀಕ್ಷಿಸಲು ವಾಙ್ಮಯ, ಪಙ್ಕ್ತಿ, ಉದ್ಘಾಟನ, ಕಾರ್ತ್ಸ್ನ್ಯ ಎಂಬ ನಾಲ್ಕು ಪದಗಳನ್ನು ಒಂದೊಂದು ಫಾಂಟಿನಲ್ಲೂ ಹಾಕಿ ನೋಡಿ. ಕೊನೆಯದರಲ್ಲಿ ರ, ತ, ಸ, ನ, ಯ ಐದೂ ಸೇರಿವೆ. ಎಲ್ಲಿಯೂ ಗೆರೆ ಉಳಿಯದಿದ್ದರೆ ಆ ಫಾಂಟನ್ನು ಧೈರ್ಯವಾಗಿ ಬಳಸಿ.